ಆರು ಪೈಸೆಯ ಲೆಕ್ಕ ಕೊಡುವವರು ಯಾರು?

ನಮ್ಮ ರಾಯಬಾಗದ ಕಡೆ ಮನೆ ತೆರಿಗೆಗೆ ಘರಪಟ್ಟಿ ಎನ್ನುವ ರೂಢಿ ಇನ್ನೂ ಉಳಿದಿದೆ. ಘರಪಟ್ಟಿ ಕಟ್ಟಿದ ಪಾವತಿಯನ್ನು ಮಡಚಿ ಟ್ರಂಕಿನಲ್ಲಿಡುವ ಮೊದಲು ಒಮ್ಮೆ ಓದಿ ನೋಡಿ. ತೆರಿಗೆಯ ಕೆಳಗೆ ಸಾಲಾಗಿ ಕೆಲವು ಕರಗಳು ನಿಂತಿರುತ್ತವೆ. ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ತೆರಿಗೆಯ ಪ್ರತಿ ರೂಪಾಯಿಗೆ ಗ್ರಂಥಾಲಯಕ್ಕೆ ಆರು ಪೈಸೆ, ಭಿಕ್ಷುಕರ ಪುನರ್ವಸತಿಗೆ ಮೂರು ಪೈಸೆ. ಭಿಕ್ಷುಕನಿಗಿಂತ ಓದುಗನಿಗೆ ಎರಡು ಪಟ್ಟು ಬೆಲೆ ಕಟ್ಟಿದ ಸರ್ಕಾರ ಎಂದು ಹೊಗಳೋಣವೆಂದರೆ, ಆ ಆರು ಪೈಸೆ ಎಲ್ಲಿ ಹೋಯಿತೆಂದು ಹುಡುಕುತ್ತ ಓದುಗನೇ ಕಚೇರಿಯಿಂದ ಕಚೇರಿಗೆ ಕೈಚಾಚಿ ಅಲೆಯಬೇಕಾಗಿದೆ.

ಇದು ಯಾರೋ ಪುಣ್ಯಾತ್ಮರು ಕೊಟ್ಟ ದೇಣಿಗೆಯ ಮಾತಲ್ಲ. 1965ರಲ್ಲಿ ಅಂದಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಮಾಡಿತು. 1966ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಮನೆ, ಜಾಗಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಸ್ಥಳೀಯ ಸಂಸ್ಥೆಗಳು ವಸೂಲು ಮಾಡಬೇಕು, ವಸೂಲಾದ ಹಣ ಗ್ರಂಥಾಲಯಕ್ಕೇ ಸಲ್ಲಬೇಕು ಎಂಬುದು ಅದರ ಬೆನ್ನೆಲುಬು. ಅಂದರೆ ಕುಡಚಿಯ ತಳ್ಳುಗಾಡಿಯವನೂ, ಹಾರೂಗೇರಿಯ ಕಬ್ಬು ಬೆಳೆಗಾರನೂ, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಬಳೆ ಮಾರುವ ಮುದುಕಿಯೂ ಸ್ವಂತ ಸೂರಿಗೆ ತೆರಿಗೆ ಕಟ್ಟುವವರಾದರೆ ಈ ನಾಡಿನ ಪುಸ್ತಕಗಳಿಗೆ ಮುಂಗಡ ಹಣ ಕಟ್ಟಿದವರೇ. ಅವರಲ್ಲಿ ಅನೇಕರಿಗೆ ಓದಲು ಬರದೇ ಇರಬಹುದು. ಮೊಮ್ಮಕ್ಕಳಿಗೆ ಬರುತ್ತದೆ.

ಈ ಮಾತನ್ನು ಎತ್ತಿದಾಗಲೆಲ್ಲ ನಮ್ಮ ಕಡೆಯ ಪಂಚಾಯತಿ ಮೆಂಬರುಗಳಿಂದ ಬರುವ ಉತ್ತರ ನಮಗೆ ಬಾಯಿಪಾಠವಾಗಿದೆ. “ಸಾಹೇಬ್ರ, ಊರಾಗ ಗಟಾರ ಇಲ್ಲ, ಕುಡಿಯಾಕ ನೀರಿಲ್ಲ, ನೀವು ಪುಸ್ತಕ ಪುಸ್ತಕ ಅಂತೀರಿ. ಈಗಿನ ಕಾಲದಾಗ ಯಾರು ಓದ್ತಾರ್ರಿ?” ಗಟಾರ ಬೇಡವೆಂದು ನಾವು ಎಂದೂ ಹೇಳಿಲ್ಲ. ಗಟಾರಕ್ಕೆ ಬೇರೆ ಬಾಬತ್ತಿನ ಹಣವಿದೆ, ಅದರ ಕತೆ ಬೇರೆ, ಆ ಗುತ್ತಿಗೆದಾರರೂ ಬೇರೆ. ಗ್ರಂಥಾಲಯದ ಹೆಸರು ಹೇಳಿ ಎತ್ತಿದ ಹಣದ ಬಗ್ಗೆ ಮಾತ್ರ ನಾವು ಕೇಳುತ್ತಿದ್ದೇವೆ. ಮಸೀದಿಯ ಹೆಸರಿನಲ್ಲಿ ಚಂದಾ ಎತ್ತಿ ಮನೆಯ ಮಾಳಿಗೆ ಹಾಕಿಸಿಕೊಂಡವನನ್ನು ಜಮಾತು ಸುಮ್ಮನೆ ಬಿಡುತ್ತದೆಯೆ? ಗುಡಿಯ ಹುಂಡಿಗೆ ಕೈಹಾಕಿದವನನ್ನು ಊರು ಬಿಡುತ್ತದೆಯೆ? ಗ್ರಂಥಾಲಯದ ಹುಂಡಿಗೆ ಮಾತ್ರ ಕೇಳುವವರಿಲ್ಲ.

ರಾಯಬಾಗದವರಾದ ನಮಗೆ ಈ ಪ್ರಶ್ನೆ ಕೇಳಲು ಮಿಕ್ಕವರಿಗಿಂತ ಒಂದು ಹಿಡಿ ಹೆಚ್ಚು ಹಕ್ಕಿದೆ ಎಂದು ನಾವು ವಾದಿಸುತ್ತೇವೆ. ಸುತ್ತಲಿನ ಚಿಕ್ಕೋಡಿ, ಅಥಣಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಅರ್ಧ ಪಾಲು ಮೀಸಲಿಟ್ಟ, 1906ರಲ್ಲಿ ಮುಸ್ಲಿಂ ಹುಡುಗರ ಓದಿಗೆ ಸಂಸ್ಥೆ ಕಟ್ಟಿಸಿದ, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಉಚಿತ ಎಂದು ಸಾರಿದ ಶಾಹೂ ಮಹಾರಾಜರ ಸಂಸ್ಥಾನ ಅದು. ಅವರ ನಂತರ, 1945ರಲ್ಲಿ, ಅದೇ ಕೊಲ್ಹಾಪುರ ಸಂಸ್ಥಾನ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೊಂದನ್ನು ಮಾಡಿತು. ಭಾರತದ ಗ್ರಂಥಾಲಯ ಚರಿತ್ರೆ ಬರೆಯುವವರು ಅದನ್ನು ಈ ದೇಶದ ಮೊದಲ ಗ್ರಂಥಾಲಯ ಕಾಯ್ದೆ ಎಂದು ಎಣಿಸುತ್ತಾರೆ. ಮದ್ರಾಸಿನ ಕಾಯ್ದೆ ಬಂದದ್ದು 1948ರಲ್ಲಿ, ಹೈದರಾಬಾದಿನದು 1955ರಲ್ಲಿ, ನಮ್ಮ ಈಗಿನದು 1965ರಲ್ಲಿ. ಕಬ್ಬಿನ ತಾಲೂಕು, ಗಡಿ ತಾಲೂಕು, ಹಿಂದುಳಿದ ತಾಲೂಕು ಎಂದೆಲ್ಲ ಕರೆಸಿಕೊಳ್ಳುವ ರಾಯಬಾಗದ ನೆಲ ಗ್ರಂಥಾಲಯವೆಂಬುದು ರಾಜ್ಯದ ಹೊಣೆ ಎಂದು ಕಾನೂನಿನಲ್ಲಿ ಮೊದಲು ಬರೆದ ರಾಜ್ಯದ ಭಾಗವಾಗಿತ್ತು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಗಡಿಯ ಬಗ್ಗೆ ಅಂದಿನಿಂದ ಇಂದಿನವರೆಗೆ ಎರಡೂ ಕಡೆಯವರು ಆಡಿದ ಮಾತನ್ನು ಅಚ್ಚು ಹಾಕಿಸಿದರೆ ಒಂದು ದೊಡ್ಡ ಗ್ರಂಥಾಲಯವೇ ಆದೀತು. ಗಡಿಯೊಳಗಿನವರು ಓದಲು ಏನು ಮಾಡಬೇಕೆಂಬ ಮಾತು ಅದರಲ್ಲಿ ಒಂದು ಕಪಾಟೂ ತುಂಬದು.

ಇನ್ನೊಂದು ಹೆಸರನ್ನೂ ಇಲ್ಲಿ ನೆನೆಯಬೇಕು. 1939ರಲ್ಲಿ ಮುಂಬಯಿ ಪ್ರಾಂತದ ಸರ್ಕಾರ ಗ್ರಂಥಾಲಯಗಳ ಬೆಳವಣಿಗೆಗೆ ದಾರಿ ಸೂಚಿಸಲು ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಎ.ಎ.ಎ. ಫೈಜಿ, ಇಸ್ಲಾಮಿ ನ್ಯಾಯಶಾಸ್ತ್ರದ ದೊಡ್ಡ ವಿದ್ವಾಂಸರು. ರಾಜಧಾನಿಯ ಗ್ರಂಥಾಲಯದಿಂದ ಹಿಡಿದು ಜಿಲ್ಲೆ, ತಾಲೂಕು, ಹಳ್ಳಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ವ್ಯವಸ್ಥೆಯನ್ನು ಆ ಸಮಿತಿ ಸೂಚಿಸಿತ್ತು. ಚಿಕ್ಕೋಡಿ, ಅಥಣಿಯ ಹಳ್ಳಿಗಳೂ ಆ ನಕ್ಷೆಯೊಳಗಿದ್ದವು. ಮುಸ್ಲಿಮರ ಹೆಸರು ಬಂದರೆ ತಲಾಖ್, ಬುರ್ಖಾ, ಗಡ್ಡಗಳ ಆಚೆಗೆ ಏನೂ ನೆನಪಾಗದ ಟಿವಿ ಚರ್ಚೆಗಳ ಕಾಲದಲ್ಲಿ ಫೈಜಿಯವರನ್ನು ನೆನಪಿಸಿಕೊಳ್ಳುವವರು ಯಾರಿದ್ದಾರೆ? ಮುಸ್ಲಿಮರಲ್ಲೇ ಎಷ್ಟು ಜನರಿದ್ದಾರೆ?

ಹಣ ಎಲ್ಲಿ ಸೋರುತ್ತದೆ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ನಗರ, ಪಟ್ಟಣಗಳಲ್ಲಿ ಕರ ವಸೂಲು ಮಾಡುವವರು ಒಬ್ಬರು, ಗ್ರಂಥಾಲಯ ನಡೆಸುವವರು ಇನ್ನೊಬ್ಬರು. ವಸೂಲು ಮಾಡಿದವರ ಕೈಯಲ್ಲಿ ಹಣ ನಿಂತರೆ ಅದಕ್ಕೆ ನೂರು ಕೆಲಸ. ಬೆಂಗಳೂರಿನ ಮಹಾನಗರ ಪಾಲಿಕೆಯೇ ಗ್ರಂಥಾಲಯ ಇಲಾಖೆಗೆ ನೂರಾರು ಕೋಟಿ ರೂಪಾಯಿ ಕರ ಬಾಕಿ ಉಳಿಸಿಕೊಂಡ ಸುದ್ದಿ ವರ್ಷ ವರ್ಷ ಪತ್ರಿಕೆಗಳಲ್ಲಿ ಬಂತು. ಜನ ಕಟ್ಟಿಯಾಗಿತ್ತು. ಪಾವತಿಯೂ ಹರಿದಿತ್ತು. ರಾಜಧಾನಿಯಲ್ಲೇ ಹೀಗಾದರೆ ಗಡಿಯ ಪುರಸಭೆ, ಪಟ್ಟಣ ಪಂಚಾಯತಿಗಳಿಗೆ ನೀತಿಪಾಠ ಹೇಳುವ ಬಾಯಿ ಯಾವ ಅಧಿಕಾರಿಗಿದೆ?

ಹಾಗಾದರೆ ಪೂರ್ತಿ ವಸೂಲಾಗಿ, ಪೈಸೆಗೆ ಪೈಸೆ ಗ್ರಂಥಾಲಯಕ್ಕೆ ಸೇರಿತು ಎಂದೇ ಇಟ್ಟುಕೊಳ್ಳೋಣ. ಒಂದು ಸಣ್ಣ ಲೆಕ್ಕ ಮಾಡಿ. ಪಂಚಾಯತಿಯಲ್ಲಿ ಸಾವಿರ ಮನೆ, ಮನೆಗೆ ಸರಾಸರಿ 400 ರೂಪಾಯಿ ತೆರಿಗೆ ಎಂದುಕೊಂಡರೆ ಒಟ್ಟು ನಾಲ್ಕು ಲಕ್ಷ. ಅದರ ಮೇಲೆ ಆರು ಪೈಸೆಯ ದರದಲ್ಲಿ ಗ್ರಂಥಾಲಯ ಕರ ವರ್ಷಕ್ಕೆ 24,000, ತಿಂಗಳಿಗೆ 2,000. ನಾಲ್ಕು ದಿನಪತ್ರಿಕೆ, ಎರಡು ವಾರಪತ್ರಿಕೆ ತರಿಸಿ ಕರೆಂಟ್ ಬಿಲ್ಲು ಕಟ್ಟಿದರೆ ಉಳಿಯುವುದರಲ್ಲಿ ತಿಂಗಳಿಗೆ ನಾಲ್ಕೈದು ಪುಸ್ತಕ ಬಂದರೆ ಹೆಚ್ಚು. ಬೆಂಗಳೂರಿನ ಒಂದು ದೊಡ್ಡ ಮಾಲಿನಿಂದ ಬರುವ ಗ್ರಂಥಾಲಯ ಕರ ನಮ್ಮ ಹಲವು ಪಂಚಾಯತಿಗಳ ಕರವನ್ನು ನುಂಗಿ ನೀರು ಕುಡಿಯುತ್ತದೆ. ಕಟ್ಟಡ ಹೆಚ್ಚಿದ್ದಲ್ಲಿ ಕರ ಹೆಚ್ಚು, ಕರ ಹೆಚ್ಚಿದ್ದಲ್ಲಿ ಪುಸ್ತಕ ಹೆಚ್ಚು. ಯಾರ ಮನೆಯಲ್ಲಿ ಪುಸ್ತಕದ ಕಪಾಟು ಇದೆಯೋ ಅವರ ಬೀದಿಯಲ್ಲೇ ಗ್ರಂಥಾಲಯವೂ ತುಂಬಿರುತ್ತದೆ. ಕೃಷ್ಣೆಯ ದಂಡೆಯ ಊರುಗಳಲ್ಲಿ 2005ರಲ್ಲಿ, ಮತ್ತೆ 2019ರಲ್ಲಿ ನೀರು ನುಗ್ಗಿದಾಗ ಮಕ್ಕಳ ಪಾಟಿಚೀಲಗಳೂ ಕೊಚ್ಚಿಹೋದವು. ಅಂಥ ಮನೆಗಳಿಗೇ ಸಾರ್ವಜನಿಕ ಕಪಾಟು ಹೆಚ್ಚು ಬೇಕು, ಅಂಥ ಮನೆಗಳಿಂದಲೇ ಕರ ಕಡಿಮೆ ಬರುತ್ತದೆ. ಆದ್ದರಿಂದ ಕರವನ್ನು ನೆಚ್ಚಿ ಕೂತರೆ ಆಗದು. ಬಡ ತಾಲೂಕಿಗೆ ತಲೆ ಎಣಿಸಿ ರಾಜ್ಯದ ಬಜೆಟ್ಟಿನಿಂದ ಹಣ ಬರಬೇಕು, ಕರ ಅದರ ಮೇಲೆ ಬರಬೇಕು.

ಗಡಿಯಾಚೆಗೆ ಎಲ್ಲವೂ ಚೆನ್ನಾಗಿದೆ ಎಂದು ಹೇಳುವ ಚಟ ನಮ್ಮ ಕಡೆ ಕೆಲವರಿಗಿದೆ. ಅದೂ ನಿಜವಲ್ಲ. ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಗ್ರಂಥಾಲಯ ಕರವೇ ಇಲ್ಲ. ಅಲ್ಲಿ ಊರವರು ಸಂಸ್ಥೆ ಕಟ್ಟಿಕೊಂಡು ವಾಚನಾಲಯ ನಡೆಸುತ್ತಾರೆ, ಸರ್ಕಾರ ಅ, ಬ, ಕ, ಡ ಎಂದು ದರ್ಜೆ ಹಾಕಿ ಅನುದಾನ ಕೊಡುತ್ತದೆ. ಅನುದಾನ ಸಾಲದೆಂದು ಅಲ್ಲಿನ ನೌಕರರೂ ಗೋಗರೆಯುತ್ತಾರೆ. ಆದರೆ ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ 1850ರಿಂದ ಬಂದದ್ದು. ಆ ಊರಿನವರಿಗೆ ಅದು ತಮ್ಮದು. ನಮ್ಮಲ್ಲಿ ಕರ ಕಟ್ಟುವವರು ನಾವು, ಗ್ರಂಥಾಲಯ ಮಾತ್ರ ಸರ್ಕಾರದ್ದು. ಬೀಗ ಹಾಕಿದ್ದರೆ ‘ಸರ್ಕಾರಿ ರಜೆ ಇರಬೇಕು’ ಎಂದು ಮುಂದೆ ನಡೆಯುತ್ತೇವೆ.

ಸೈಯದ್ ಇಸಾಕರ ಹೆಸರನ್ನು ಓದುಗರು ಮರೆತಿರಲಾರರು. ಮೈಸೂರಿನ ರಾಜೀವನಗರದಲ್ಲಿ ಶಾಲೆ ಕಾಣದ ಈ ಕೂಲಿಕಾರ ತನ್ನ ದುಡಿಮೆಯ ಹಣದಿಂದ ಪತ್ರಿಕೆ ತರಿಸಿ, ಪುಸ್ತಕ ಕೂಡಿಸಿ ಗ್ರಂಥಾಲಯ ನಡೆಸುತ್ತಿದ್ದರು. ತನ್ನ ಸುತ್ತಲಿನವರು ಕನ್ನಡ ಓದಬೇಕೆಂಬುದು ಅವರ ಹಟವಾಗಿತ್ತು. 2021ರ ಏಪ್ರಿಲ್ 9ರ ಬೆಳಗಿನ ಜಾವ ಆ ಗ್ರಂಥಾಲಯ ಸುಟ್ಟುಹೋಯಿತು. ಸುಮಾರು 11,000 ಪುಸ್ತಕಗಳು, ಅವುಗಳಲ್ಲಿ ಭಗವದ್ಗೀತೆಯ, ಕುರಾನಿನ, ಬೈಬಲಿನ ಪ್ರತಿಗಳು. ನಾಡು ಮರುಗಿತು, ದೂರದೂರದಿಂದ ಹಣ ಬಂತು, ಪುಸ್ತಕ ಬಂತು. ಬೆಂಕಿ ಹೇಗೆ ಬಿತ್ತೆಂದು ವಾದಗಳಾದವು. ಅದರ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಮನೆಮನೆಯಿಂದ ಗ್ರಂಥಾಲಯ ಕರ ಎತ್ತುವ ಒಂದು ಮಹಾನಗರದಲ್ಲಿ, ಹತ್ತು ವರ್ಷ ಕಾಲ, ಒಂದು ಬಡಾವಣೆಗೆ ಗ್ರಂಥಾಲಯ ಒದಗಿಸುವ ಹೊಣೆ ದಿನಗೂಲಿಯವನ ಹೆಗಲಿಗೆ ಏಕೆ ಬಿತ್ತು? ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಬಸ್ ಕಂಡಕ್ಟರಾಗಿದ್ದ ಅಂಕೇಗೌಡರು ಸಂಬಳವನ್ನೆಲ್ಲ ಸುರಿದು ಲಕ್ಷಾಂತರ ಪುಸ್ತಕಗಳ ಮನೆ ಕಟ್ಟಿದರು. ಇಂಥವರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವುದು ಸರ್ಕಾರಕ್ಕೆ ಬಲು ಅಗ್ಗದ ಕೆಲಸ. ಒಬ್ಬ ಇಸಾಕರ ತ್ಯಾಗವನ್ನು ಹೊಗಳಿದಷ್ಟೂ ತನ್ನ ಕರ್ತವ್ಯ ಹಗುರವಾಯಿತೆಂದು ಇಲಾಖೆ ತಿಳಿಯುವುದಾದರೆ ಆ ಹೊಗಳಿಕೆಯೂ ನಮಗೆ ಬೇಡ.

ಸರ್ಕಾರ ಏನೂ ಮಾಡಿಲ್ಲವೆಂದರೆ ಸುಳ್ಳಾಗುತ್ತದೆ. 2019ರಲ್ಲಿ 5,600ಕ್ಕೂ ಹೆಚ್ಚು ಹಳ್ಳಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಕೊರೊನಾದ ಕಾಲದಲ್ಲಿ ಶಾಲೆ ಮುಚ್ಚಿ ಮಕ್ಕಳು ಅಕ್ಷರ ಮರೆಯುತ್ತಿದ್ದಾಗ, 2020ರ ಮಕ್ಕಳ ದಿನದಂದು ‘ಓದುವ ಬೆಳಕು’ ಎಂಬ ಅಭಿಯಾನ ಆರಂಭವಾಯಿತು. ಮಕ್ಕಳಿಗೆ ಸದಸ್ಯತ್ವ ಪುಕ್ಕಟೆಯಾಯಿತು, ಲಕ್ಷಗಟ್ಟಲೆ ಮಕ್ಕಳು ಸೇರಿದರು. ಈಗ ಅವುಗಳ ಹೆಸರು ಅರಿವು ಕೇಂದ್ರ. ಕೆಲವು ಕಡೆ ಗೋಡೆಗೆ ಬಣ್ಣ, ಕಂಪ್ಯೂಟರು, ಚದುರಂಗದ ಮಣೆ ಎಲ್ಲ ಬಂದಿವೆ. ನೋಡಿದರೆ ಸಂತೋಷವೇ ಆಗುತ್ತದೆ. ಆದರೆ ಅಲ್ಲಿ ಕೂತಿರುವ ಮನುಷ್ಯನನ್ನು ಮಾತಾಡಿಸಿ. ಹೆಸರು ಮೇಲ್ವಿಚಾರಕ, ಸಿಗುವುದು ಗೌರವಧನ. ಗೌರವಧನ ಎಂಬ ಪದವನ್ನು ಕಂಡುಹಿಡಿದವನು ಬಹಳ ಜಾಣ. ಸಂಬಳ ತಡವಾದರೆ ಬಾಯಿಬಿಟ್ಟು ಕೇಳಬಹುದು, ಗೌರವ ತಡವಾದರೆ ಹೇಗೆ ಕೇಳುವುದು? ಬಣ್ಣಕ್ಕೆ ಹಣವಿದ್ದು ಬಾಗಿಲು ತೆಗೆಯುವವನಿಗೆ ಹಣವಿಲ್ಲದ ಗ್ರಂಥಾಲಯ ಉದ್ಘಾಟನೆಯ ದಿನ ಮಾತ್ರ ಚೆನ್ನಾಗಿರುತ್ತದೆ.

ಇನ್ನು ಮೊಬೈಲಿನ ಮಾತು. ಎಲ್ಲವೂ ಕೈಯಲ್ಲೇ ಇರುವಾಗ ಗ್ರಂಥಾಲಯ ಏಕೆ ಎನ್ನುವವರು ಸಾಮಾನ್ಯವಾಗಿ ತಮ್ಮದೇ ಮೊಬೈಲು, ತಮ್ಮದೇ ಕೋಣೆ ಇರುವವರು. ಎಂಟು ಜನರ ಮನೆಯಲ್ಲಿ ಅಪ್ಪನ ಕೈಯಲ್ಲಿರುವ ಒಂದೇ ಮೊಬೈಲಿನಲ್ಲಿ, ಅವನು ಕಾರ್ಖಾನೆಯ ಪಾಳಿ ಮುಗಿಸಿ ಬಂದ ಮೇಲೆ, ಮಗಳು ಓದಬೇಕು. ಅದೂ ಡೇಟಾ ಉಳಿದಿದ್ದರೆ. 2020ರಲ್ಲಿ ಸರ್ಕಾರವೂ ಡಿಜಿಟಲ್ ಗ್ರಂಥಾಲಯ ತೆರೆಯಿತು, ತೆರೆಯಲಿ. ಅದು ಕುರ್ಚಿ, ಬೆಳಕು, ಫ್ಯಾನು ಮತ್ತು ‘ಇಲ್ಲಿ ಗದ್ದಲ ಮಾಡಬೇಡಿ’ ಎಂಬ ಒಂದು ಬೋರ್ಡನ್ನು ಕೊಡಲಾರದು. ನಮ್ಮ ಕಡೆಯ ಮನೆಗಳಲ್ಲಿ ಇಲ್ಲದ್ದು ಆ ಬೋರ್ಡೇ.

ಪುಸ್ತಕದ ಖರೀದಿಯ ವಿಷಯ ಲೇಖಕರಾದ ನಮಗೆ ಹೊಟ್ಟೆಯ ವಿಷಯವೂ ಹೌದು, ಆದ್ದರಿಂದ ಚುಟುಕಾಗಿ ಹೇಳಿ ಬಿಡುತ್ತೇವೆ. ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದ ಕನ್ನಡ ಪುಸ್ತಕವೊಂದರ 300 ಪ್ರತಿ ಕೊಳ್ಳುವ ಪದ್ಧತಿ ಇದೆ. ಐದೂವರೆ ಸಾವಿರ ಹಳ್ಳಿ ಗ್ರಂಥಾಲಯಗಳ ನಾಡಿನಲ್ಲಿ 300 ಪ್ರತಿ ಎಲ್ಲಿಗೆ ಸಾಲುತ್ತವೆ? 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲ ಸಲ. ಫ್ಲೆಕ್ಸುಗಳು ಎದ್ದವು, ಅಭಿನಂದನೆಗಳಾದವು. ಆ ಕತೆಗಳು ಕನ್ನಡದಲ್ಲೇ ಹುಟ್ಟಿದವು. ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ ಅವರ ಒಂದಾದರೂ ಕಥಾಸಂಕಲನ ಇದೆಯೇ ಎಂದು ಕೇಳಿ ನೋಡಿ. ಲಂಡನ್ನಿನವರಿಗೆ ಸಿಕ್ಕಿದ ಪುಸ್ತಕ ರಾಯಬಾಗ ತಾಲೂಕಿನ ಹುಡುಗಿಗೆ ಸಿಗಬೇಡವೇ?

ನಾವು ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದವರು. ತರಗತಿಯ ಕನ್ನಡ ಪಾಸಾಗಲು ಸಾಕಾಗಿತ್ತು. ಕತೆ ಬರೆಯುವಷ್ಟು ಕನ್ನಡ ಕೊಟ್ಟದ್ದು ವಾಚನಾಲಯದ ತಗಡಿನ ಕಪಾಟು. ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿಯವರ ಕಾದಂಬರಿಗಳು ಅಲ್ಲಿದ್ದವು. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ ಅಲ್ಲಿದ್ದರು. ನಮ್ಮಂಥ ಹೆಸರಿನ ಮನುಷ್ಯರು ಕನ್ನಡದ ಕತೆಯೊಳಗೆ ತಮ್ಮ ಪಾಡಿಗೆ ಉಂಡು, ಜಗಳವಾಡಿ, ನಗುತ್ತಿರುವುದನ್ನು ನಾವು ಮೊದಲು ಕಂಡದ್ದು ಅಲ್ಲಿಯೇ. ಆ ಕಪಾಟಿನಲ್ಲಿ ಉರ್ದುವಿನ ಒಂದು ಪುಸ್ತಕವೂ ಇರಲಿಲ್ಲ ಎಂಬುದನ್ನೂ ಹೇಳಬೇಕು. ಉರ್ದು ಶಾಲೆ ನಡೆಸುವ ಸರ್ಕಾರಕ್ಕೆ ಆ ಮಕ್ಕಳು ಶಾಲೆಯ ಹೊರಗೂ ಓದಿಯಾರು ಎಂಬ ಊಹೆ ಇರಲಿಲ್ಲ. ಇಂದಿಗೂ ಬಹಳ ಕಡೆ ಇಲ್ಲ. ಕನ್ನಡದ ಗ್ರಂಥಾಲಯದಲ್ಲಿ ಉರ್ದು ಏಕೆ, ಮರಾಠಿ ಏಕೆ ಎಂದು ಕೇಳುವ ಅಭಿಮಾನಿಗಳಿದ್ದಾರೆ. ಮನೆಮಾತಿನಲ್ಲಿ ಓದುವ ರುಚಿ ಹತ್ತಿದ ಮಗು ನೆರೆಮಾತಿನ ಪುಸ್ತಕಕ್ಕೂ ಕೈ ಹಾಕುತ್ತದೆ, ಓದುವ ರುಚಿಯೇ ಹತ್ತದ ಮಗು ಯಾವ ಭಾಷೆಗೂ ದಕ್ಕುವುದಿಲ್ಲ. ನಿಪ್ಪಾಣಿಯಲ್ಲಿ ಮರಾಠಿ ಓದುವವನೂ ಗ್ರಂಥಾಲಯ ಕರ ಕಟ್ಟುತ್ತಾನೆ, ಕುಡಚಿಯಲ್ಲಿ ಉರ್ದು ಓದುವವನೂ ಕಟ್ಟುತ್ತಾನೆ. ಅವರ ಪಾವತಿಯ ಮೇಲೆ ಭಾಷೆಯ ಹೆಸರಿರುವುದಿಲ್ಲ.

ನಮಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಹುಡುಗಿಯರ ವಿಷಯದಲ್ಲಿ. 2022ರ ಫೆಬ್ರವರಿಯ ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪುಗಳ ನಡುವೆ ಎಷ್ಟೋ ಹುಡುಗಿಯರು ಕಾಲೇಜಿನ ಗೇಟಿನಿಂದ ಮನೆಗೆ ಮರಳಿದರು. ಆ ವಿವಾದವನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಹಾಗೆ ಮರಳಿದವಳು ಪುಸ್ತಕ ಹಿಡಿದು ಕೂರಲು ಊರಲ್ಲಿ ಇನ್ನೊಂದು ಜಾಗವಿತ್ತೆ ಎಂಬುದಷ್ಟೇ ನಮ್ಮ ಪ್ರಶ್ನೆ. ಸಾರ್ವಜನಿಕ ಗ್ರಂಥಾಲಯಕ್ಕೆ ಸಮವಸ್ತ್ರವಿಲ್ಲ, ಹಾಜರಿ ಪುಸ್ತಕದಲ್ಲಿ ಜಾತಿಯ ಕಾಲಮ್ಮಿಲ್ಲ, ಅಂಕಪಟ್ಟಿ ತೋರಿಸಬೇಕಿಲ್ಲ. ಹಾಗಿದ್ದೂ ನಮ್ಮ ಬಹುತೇಕ ಓದುಕೋಣೆಗಳು ಗಂಡಸರ ಚಾವಡಿಗಳಾಗಿವೆ. ಪತ್ರಿಕೆಯ ಹಾಳೆ ಹಂಚಿಕೊಂಡು ರಾಜಕೀಯ ಮಾತಾಡುವ ನಾಲ್ಕು ಹಿರಿಯರು, ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು. ಅವರು ಬರಲಿ, ಬರಬೇಕು. ಹುಡುಗಿಯೊಬ್ಬಳು ಒಳಗೆ ಕಾಲಿಡಬೇಕಾದರೆ ಅಲ್ಲಿ ಅವಳಿಗೊಂದು ಮೇಜು, ಒಂದು ಶೌಚಾಲಯ, ವಾರದಲ್ಲಿ ಕೆಲವು ಗಂಟೆಯಾದರೂ ಒಬ್ಬ ಮಹಿಳಾ ಸಿಬ್ಬಂದಿ ಬೇಕು. ಇದಕ್ಕೆ ಯಾವ ಕ್ರಾಂತಿಯೂ ಬೇಡ, ಕ್ರಿಯಾಯೋಜನೆಯಲ್ಲಿ ಒಂದು ಸಾಲು ಸಾಕು.

ಸರ್ಕಾರವನ್ನು ಬೈದು ಜಮಾತಿನ ಹಿರಿಯರನ್ನು ಬಿಟ್ಟರೆ ಪಕ್ಷಪಾತವಾದೀತು. ಶಾದಿ ಮಹಲಿಗೆ ಅನುದಾನ ಬೇಕೆಂದು ಶಾಸಕರ ಮನೆಯ ಮುಂದೆ ಸಾಲುಗಟ್ಟುವವರು ಓದುಕೋಣೆಗೆ ಬೇಕೆಂದು ನಿಂತದ್ದನ್ನು ನಾವು ಕಂಡಿಲ್ಲ. ‘ಇಕ್ರಾ’ದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುವವರ ಮೊಹಲ್ಲಾದಲ್ಲಿ ಒಂದು ದಿನಪತ್ರಿಕೆ ಬರುವುದು ಹೋಟೆಲಿಗೆ ಮಾತ್ರ. ಈ ರೋಗ ನಮ್ಮವರಿಗಷ್ಟೇ ಅಂಟಿದ್ದಲ್ಲ, ಎಲ್ಲ ಸಮಾಜಗಳಿಗೂ ಅವರವರ ಸಮುದಾಯ ಭವನ ಬೇಕು. ವರ್ಷಕ್ಕೆ ಮೂವತ್ತು ದಿನ ಮದುವೆ, ಉಳಿದ ದಿನ ಬೀಗ. ಆ ಭವನಗಳ ಒಂದು ಕೋಣೆಯನ್ನು ಊರಿನ ಎಲ್ಲರ ಓದಿಗೆ ಬಿಟ್ಟುಕೊಡಬೇಕೆಂಬ ಷರತ್ತನ್ನು ಅನುದಾನದ ಆದೇಶದಲ್ಲೇ ಬರೆಯಲು ಸರ್ಕಾರಕ್ಕೆ ಏನು ಅಡ್ಡಿ?

ಹಳ್ಳಿಯ ಗ್ರಂಥಾಲಯ ಈಗ ಪಂಚಾಯತಿಯದೇ ಆಗಿರುವುದರಿಂದ ಬಡಿಯಬೇಕಾದ ಬಾಗಿಲು ಬೆಂಗಳೂರಿನಲ್ಲಿಲ್ಲ, ನಮ್ಮ ಊರಲ್ಲೇ ಇದೆ. ಮುಂದಿನ ಗ್ರಾಮಸಭೆಗೆ ಹೋಗಿ. ಕಳೆದ ಮೂರು ವರ್ಷ ಗ್ರಂಥಾಲಯ ಕರವೆಂದು ವಸೂಲಾದದ್ದೆಷ್ಟು, ಪುಸ್ತಕಕ್ಕೆ ಖರ್ಚಾದದ್ದೆಷ್ಟು, ಮೇಲ್ವಿಚಾರಕರಿಗೆ ಎಷ್ಟು ತಿಂಗಳ ಬಾಕಿ ಇದೆ, ಬಾಗಿಲು ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಬರೆದು ಕೇಳಿ. ಸಂಜೆ ಆರರಿಂದ ಎಂಟೂವರೆಯವರೆಗೆ ತೆರೆಯಬೇಕೆಂದು ಠರಾವು ಮಾಡಿಸಿ, ಹಗಲೆಲ್ಲ ಕಬ್ಬಿನ ಹೊಲದಲ್ಲಿರುವ ಹುಡುಗ ಮಧ್ಯಾಹ್ನ ಹನ್ನೆರಡಕ್ಕೆ ಪುಸ್ತಕ ಕೇಳಿಕೊಂಡು ಬರಲಾರ. ಅರ್ಜಿಗೆ ಸ್ವೀಕೃತಿ ಪಡೆಯದೆ ಏಳಬೇಡಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಪಟ್ಟಣದಲ್ಲಿರುವವರು ಪುರಸಭೆಗೆ ಒಂದು, ಜಿಲ್ಲಾ ಗ್ರಂಥಾಲಯಕ್ಕೆ ಒಂದು ಅರ್ಜಿ ಹಾಕಿ. ಒಬ್ಬರು ಕೊಟ್ಟೆವೆನ್ನುವ ಹಣವನ್ನು ಇನ್ನೊಬ್ಬರು ಪಡೆದಿದ್ದಾರೆಯೇ ಎಂದು ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು.